ಸಾಕ್ಷಿ ಹೇಳಿಸೋಕೆ ಅವಸರ ಬೇಡ ತಮ್ಮಾ

ತಮ್ಮಾ, ಆಂಧ್ರ ಗಡಿಯ ಮಾಧವರಂ ಸಭೆಯ ಜವಾಬ್ದಾರಿ ನಿನ್ನ ಹೆಗಲಿಗೆ ಬಂದಿದೆ, ಸಂತೋಷ. ಪ್ರಸಂಗ ಮಾಡುವುದನ್ನು ನಿನಗೆ ಯಾರೂ ಹೇಳಿಕೊಡಬೇಕಿಲ್ಲ. ಕುಡಿತದ ವಿಷಯದಲ್ಲಿ ಮಾತ್ರ ನನ್ನದೊಂದು ಮಾತು ಕೇಳು. ಕುಡಿಯುವುದು ಬಿಟ್ಟೆ ಅಂತ ಬಂದವನನ್ನು ಮರು ಭಾನುವಾರವೇ ಮೈಕಿನ ಮುಂದೆ ನಿಲ್ಲಿಸಿ ಸಾಕ್ಷಿ ಹೇಳಿಸಬೇಡ.

ಮೈಕು ಹಿಡಿದ ಕೈ ಇನ್ನೂ ನಡುಗುತ್ತಿರುತ್ತದೆ. ಹೆಂಗಸರ ಸಾಲಿನಲ್ಲಿ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ, ಸಭೆಯೆಲ್ಲ ಹಲ್ಲೆಲೂಯಾ ಅನ್ನುತ್ತದೆ. ತಿಂಗಳೊಪ್ಪತ್ತಿನಲ್ಲಿ ಅವನು ಮತ್ತೆ ಕುಡಿದನೆನ್ನು. ಅಂಗಡಿಗೆ ಹೋಗಲು ನಾಚಿಕೆ ಇರುವುದಿಲ್ಲ, ಸಭೆಗೆ ಬರಲು ನಾಚಿಕೆ. ಅವನಿಗೆ ನಾವು ತೀರಾ ಬೇಕಾಗುವ ದಿನವೇ ಅವನು ನಮ್ಮಿಂದ ದೂರವಾಗುತ್ತಾನೆ. ಮತ್ತೆ ಬೀಳುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಅದನ್ನು ವಿಶ್ವಾಸದ ಕೊರತೆ ಎಂದು ಲೆಕ್ಕ ಹಾಕಬೇಡ.

ಆ ನಡುಕ ಅಂದೆನಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡ. ವರ್ಷಗಟ್ಟಲೆ ದಿನಾ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲೇ ಫಿಟ್ಸ್ ಬರಬಹುದು. ಇಲ್ಲದ್ದು ಕಾಣಿಸುತ್ತದೆ, ಗೋಡೆಯ ಮೇಲೆ ಹುಳ ಹರಿಯುತ್ತಿದೆ ಅನ್ನುತ್ತಾನೆ. ಪ್ರಾಣವೂ ಹೋಗಬಹುದು. ಅದನ್ನು ದೆವ್ವ ಅಂದುಕೊಂಡು ಬಿಡಿಸಲು ಕೂರಬೇಡ. ಉಪವಾಸ ಪ್ರಾರ್ಥನೆಗಂತೂ ಅವನನ್ನು ಕೂರಿಸಲೇಬೇಡ. ಕುಡಿತದಿಂದ ಸೊರಗಿದ ದೇಹಕ್ಕೆ ಆಗ ಬೇಕಾದದ್ದು ಅನ್ನ, ನೀರು, ವಿಟಮಿನ್, ಡಾಕ್ಟರು. ಆದೋನಿಗೋ ಕರ್ನೂಲಿಗೋ ರಾಯಚೂರಿಗೋ ಕರೆದುಕೊಂಡು ಹೋಗು, ನೀನೂ ಜೊತೆಗೆ ಬಸ್ಸು ಹತ್ತು. ಎಲ್ಲಿಗೆ ಅಂತ ತಿಳಿಯದಿದ್ದರೆ 14446ಕ್ಕೆ ಫೋನು ಮಾಡು, ಚಟ ಬಿಡಿಸುವ ಸರ್ಕಾರಿ ಸಹಾಯವಾಣಿ ಅದು. ಒಳ್ಳೆಯ ಸಮಾರ್ಯದವನು ಗಾಯ ಕಟ್ಟಿ ಛತ್ರಕ್ಕೆ ಕರೆದೊಯ್ದ, ಖರ್ಚಿಗೂ ಕೊಟ್ಟ. ಬಿದ್ದವನಿಂದ ಸಾಕ್ಷಿ ಕೇಳಲಿಲ್ಲ.

ಸಾಕ್ಷಿಗೆ ಬೇರೆ ದಾರಿಯಿದೆ. ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಆಲ್ಕೋಹಾಲಿಕ್ಸ್ ಅನಾನಿಮಸ್ ಕೂಟ 1935ರಲ್ಲಿ ಅಮೆರಿಕದ ಆಕ್ರಾನ್ ಊರಿನಲ್ಲಿ ಶುರುವಾಯಿತು, ಅದೂ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಚಳವಳಿಯ ಮಡಿಲಿನಿಂದ. ಅಲ್ಲಿಯೂ ತನ್ನ ಕಥೆ ಹೇಳಿಕೊಳ್ಳುವುದಿದೆ. ಆದರೆ ಕೇಳುವವರೂ ಅದೇ ಸಂಕಟ ಕಂಡವರು, ಹೆಸರು ಬಾಗಿಲಾಚೆ ಹೋಗುವುದಿಲ್ಲ. ನಿನ್ನ ಸಭೆಯಲ್ಲೂ ವಾರದ ಒಂದು ಸಂಜೆ ಹಾಗೆ ನಾಲ್ಕು ಜನ ಕೂರಲಿ. ಕುಡಿತ ಬಿಟ್ಟವನಿಗೆ ಸಂಜೆಯೇ ಕಷ್ಟದ ಹೊತ್ತು. ಕರ್ತನ ಭೋಜನದ ಪಾತ್ರೆಯಲ್ಲಿ ವೈನ್ ಇದ್ದರೆ ದ್ರಾಕ್ಷಿ ರಸಕ್ಕೆ ಬದಲಿಸು. 1869ರಲ್ಲೇ ವೆಲ್ಚ್ ಎಂಬ ಮೆಥಡಿಸ್ಟ್ ವಿಶ್ವಾಸಿ ಹುಳಿಯದ ರಸವನ್ನು ಇದಕ್ಕೆಂದೇ ತಯಾರಿಸಿದ್ದ.

ಕೆಲಸದ ಮಾತೂ ಇದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಶೇಂದಿ ಇಳಿಸುವವರಿಗೆ ಆ ಕಸುಬು ಬಿಡಿ ಅಂದರು. ಹಾಗೆ ಹೇಳಿ ಸುಮ್ಮನೆ ಕೂರಲಿಲ್ಲ. ನೇಯ್ಗೆ ತಂದರು, 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಬಿಡು ಅನ್ನುವವನ ಹತ್ತಿರ ಹಿಡಿದುಕೊಳ್ಳಲು ಕೊಡುವುದಕ್ಕೂ ಏನಾದರೂ ಇರಬೇಕಲ್ಲ.

ಇನ್ನು ಸರ್ಕಾರ. ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಅಕ್ಷರ ಕಲಿಯುತ್ತಲೇ ಸಾರಾಯಿ ಅಂಗಡಿ ಮುಚ್ಚಿಸಿದರು. ಆ ಹೋರಾಟ ಹಬ್ಬಿ 1993ರ ಅಕ್ಟೋಬರಿನಲ್ಲಿ ಆಂಧ್ರದಲ್ಲಿ ಸಾರಾಯಿ ನಿಂತಿತು, 1995ರಲ್ಲಿ ಪೂರ್ಣ ನಿಷೇಧ ಬಂತು, 1997ರಲ್ಲಿ ಅದು ಸಡಿಲವಾಯಿತು. 2019ರಲ್ಲಿ ಅಂಗಡಿಗಳನ್ನು ಸರ್ಕಾರವೇ ಹಿಡಿದು ದರ ಏರಿಸಿತು. 2024ರಲ್ಲಿ ಮತ್ತೆ ಖಾಸಗಿಯವರ ಕೈಗೆ ಹೋಗಿ ಕ್ವಾರ್ಟರು 99 ರೂಪಾಯಿಗೆ ಸಿಗತೊಡಗಿತು. 2019ರ ನಂತರ ಇಲ್ಲಿ ದರ ಏರಿದಾಗ ಏನಾಯಿತು ಅಂತ ಕರ್ನಾಟಕದ ಗಡಿಯವರಾದ ನಮಗೆ ಗೊತ್ತು. ತುಂಗಭದ್ರೆಯ ಆಚೆಯಿಂದ ಟೆಟ್ರಾ ಪ್ಯಾಕೆಟ್ಟು ಬಂತು, ಬೈಕಿನಲ್ಲಿ ತಂದ ಹುಡುಗರು ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬಿದ್ದರು. ದೂಬಗುಂಟದ ಹೆಂಗಸರ ಮೇಲೆ ನನಗೆ ಅಪಾರ ಗೌರವ. ಆದರೂ ಹೇಳುತ್ತೇನೆ, ಅಂಗಡಿ ಮುಚ್ಚಿಸಿ ಎಂದಷ್ಟೇ ಕೇಳುವ ಅರ್ಜಿ ನಮ್ಮಂಥ ಗಡಿಯೂರಿಗೆ ಸಾಲದು.

ನೀನು ಅರ್ಜಿ ಬರೆದರೆ ಹೀಗೆ ಬರೆ: ಪರವಾನಗಿ ಇಲ್ಲದೆ ಹಳ್ಳಿಗಳಲ್ಲಿ ಹೆಂಡ ಮಾರುವ ಬೆಲ್ಟ್ ಶಾಪುಗಳು ನಿಲ್ಲಲಿ, ಚಟ ಬಿಡಿಸಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆ, ಔಷಧಿ ಸಿಗಲಿ, ಹೆಂಡದ ಆದಾಯದಲ್ಲಿ ಒಂದು ಪಾಲು ಅದಕ್ಕೆ ಮೀಸಲಾಗಲಿ. ಕುಡುಕನನ್ನು ಜೈಲಿಗೆ ಕಳಿಸಿ ಎಂದು ಬರೆಯಬೇಡ. ಆದರೆ ಹೆಂಡತಿಯನ್ನು ಹೊಡೆಯುವವನಿದ್ದರೆ ಅವಳಿಗೆ ತಾಳಿಕೋ ಅಮ್ಮಾ ಅನ್ನಬೇಡ, ಠಾಣೆಗೆ ಅವಳ ಜೊತೆ ನಡೆ. ಅರ್ಜಿಗೆ ಸಭೆಯವರ ಸಹಿ ಮಾತ್ರ ಹಾಕಿಸಬೇಡ. ಗುಡಿಯವರು, ಮಸೀದಿಯವರು, ಆಶಾ ಕಾರ್ಯಕರ್ತೆ, ಸ್ವಸಹಾಯ ಸಂಘದ ಹೆಂಗಸರು, ಎಲ್ಲರ ಮನೆಗೂ ಹೋಗು; ಅವರ ಮನೆಗಳಲ್ಲೂ ಇದೇ ಗೋಳು.