ಇಂಡಕ್ಷನ್ ಒಲೆ ಬಹುದಿನ ಬಾಳಬೇಕಾದರೆ



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಮನೆಗಳಲ್ಲಿ ಈಗ ಇಂಡಕ್ಷನ್ ಒಲೆಯೂ ಕಾಣುತ್ತದೆ. ಇದು ಎಷ್ಟು ವರ್ಷ ಬಾಳೀತು ಎಂದು ಕೇಳುವಿರಿ. ಅದು ಬಹುಮಟ್ಟಿಗೆ ನಿಮ್ಮ ಕೈಯಲ್ಲಿಯೇ ಇದೆ.

ಈ ಒಲೆಗೆ ಉರಿಯಿಲ್ಲ. ಗಾಜಿನ ಹಲಗೆಯ ಕೆಳಗೆ ತಾಮ್ರದ ತಂತಿಯ ಸುರುಳಿಯಿದೆ. ಅದರಲ್ಲಿ ಕರೆಂಟು ಹರಿದಾಗ ಪಾತ್ರೆಯ ತಳವೇ ಕಾಯುತ್ತದೆ. ಒಳಗಿನ ಎಲೆಕ್ಟ್ರಾನಿಕ್ ಭಾಗಗಳಿಗೆ ವೈರಿಗಳು ಮೂರು: ಶಾಖ, ನೀರು, ಏರಿಳಿಯುವ ವೋಲ್ಟೇಜು. ಆದುದರಿಂದ ಈ ಮಾತುಗಳನ್ನು ನೆನಪಿಡಿರಿ.

1. 2000 ವಾಟ್ ಒಲೆ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್ ಸಾಕೆಟ್ಟಿಗೆ ಜೋಡಿಸಿದರೆ ಅದು ಸುಟ್ಟೀತು. ಅರ್ಥಿಂಗ್ ಇರುವ 16 ಆಂಪಿಯರ್ ಸಾಕೆಟ್ಟನ್ನು ಹಾಕಿಸಿರಿ.

2. ದೀಪ ಒಮ್ಮೆ ಮಂದವಾಗಿ, ಒಮ್ಮೆ ಕಣ್ಣು ಕುಕ್ಕುವಂತೆ ಉರಿಯುತ್ತಿದ್ದರೆ ಒಲೆ ನಿಲ್ಲಿಸಿರಿ.

3. ಕೆಳಗೆ ಬಟ್ಟೆ, ಕಾಗದ ಹಾಸಬೇಡಿರಿ. ಗಾಳಿಯ ಕಿಂಡಿ ಮುಚ್ಚುತ್ತದೆ. ಅಡಿಗೆ ಮುಗಿದ ಮೇಲೆ ಒಳಗಿನ ಫ್ಯಾನು ನಿಂತ ನಂತರವೇ ಪ್ಲಗ್ ತೆಗೆಯಿರಿ.

4. ಹಾಲು ಉಕ್ಕಿದರೆ ಒಲೆ ಆರಿಸಿ ಒರೆಸಿರಿ. ಗಾಜು ಬಿರುಕು ಬಿಟ್ಟರೆ ಬಳಸಲೇಬೇಡಿರಿ. ನೀರು ಒಳಗಿಳಿದು ಕರೆಂಟು ಹೊಡೆದೀತು.

5. ಅಯಸ್ಕಾಂತ ಅಂಟುವ, ಚಪ್ಪಟೆ ತಳದ ಪಾತ್ರೆಯೇ ಬೇಕು. ಮಣ್ಣಿನ ಗಡಿಗೆ, ಬರಿಯ ಅಲ್ಯುಮಿನಿಯಂ ಪಾತ್ರೆ, ತಳ ಬಾಗಿದ ರೊಟ್ಟಿ ಹಂಚು ನಡೆಯವು.

ಕೊಳ್ಳುವಾಗ ರಸೀದಿ, ವಾರಂಟಿ ಚೀಟಿ ಪಡೆಯಿರಿ. ದುರಸ್ತಿ ಮಾಡುವವರು ಹತ್ತಿರದಲ್ಲಿ ಇದ್ದಾರೆಯೇ ವಿಚಾರಿಸಿರಿ. ಜೋಳದ ರೊಟ್ಟಿಯನ್ನು ಕೆಂಡಕ್ಕೆ ನಿಲ್ಲಿಸಿ ಉಬ್ಬಿಸುವುದು ಈ ಒಲೆಯಿಂದಾಗದು. ಕರೆಂಟು ಹೋದರೆ ಅನ್ನವೂ ಬೇಯದು. ಹಳೆಯ ಒಲೆಯನ್ನು ಕೆಡವಬೇಡಿರಿ.