ನಡೆದರೆ ನೋವು, ನಿಂತರೆ ಮಾಯ

ಮಹಾನಗರದಲ್ಲಿ ಬೆಳಗಿನ ರೈಲಿಗಾಗಿ ನಿಲ್ದಾಣದತ್ತ ನಡೆಯುವ ಹಿರಿಯರಲ್ಲಿ ಕೆಲವರು ಇನ್ನೂರು ಮುನ್ನೂರು ಹೆಜ್ಜೆ ಇಡುವಷ್ಟರಲ್ಲಿ ಮೀನಖಂಡ ಹಿಡಿದಂತಾಗಿ ನಿಂತುಬಿಡುತ್ತಾರೆ. ಎರಡು ನಿಮಿಷ ನಿಂತರೆ ನೋವು ಮಾಯ. ಮತ್ತೆ ಅಷ್ಟೇ ದೂರ ನಡೆದರೆ ಅದೇ ನೋವು. ‘ವಯಸ್ಸಾಯಿತು’ ಎಂದು ಎಣ್ಣೆ ತಿಕ್ಕಿಕೊಂಡು ಸುಮ್ಮನಾಗುವುದು ರೂಢಿ. ಆದರೆ ಇದು ಕೇವಲ ಮುಪ್ಪಿನ ಲಕ್ಷಣವಲ್ಲ. ಕಾಲಿಗೆ ರಕ್ತವನ್ನೊಯ್ಯುವ ಅಪಧಮನಿಗಳು ಇಕ್ಕಟ್ಟಾಗಿರುವುದರ ಸೂಚನೆಯಾಗಿರಬಹುದು.

ಅಪಧಮನಿಯ ಒಳಗೋಡೆಯಲ್ಲಿ ಕೊಬ್ಬು ಶೇಖರವಾದಾಗ ರಕ್ತದ ಹರಿವು ಕುಗ್ಗುತ್ತದೆ. ವಿಶ್ರಾಂತಿಯಲ್ಲಿ ಸಾಲುವ ರಕ್ತ ನಡಿಗೆಯ ಶ್ರಮಕ್ಕೆ ಸಾಲದು. ಧೂಮಪಾನ ಮತ್ತು ಮಧುಮೇಹಗಳು ಇದರ ಮುಖ್ಯ ಕಾರಣಗಳು. ಅಧಿಕ ರಕ್ತದೊತ್ತಡ, ಕೊಲೆಸ್ಟರಾಲ್‌ಗಳೂ ಜೊತೆಗೂಡುತ್ತವೆ. ಕಾಲಿನ ನಾಳವನ್ನು ಕಾಡಿದ ರೋಗ ಹೃದಯ, ಮಿದುಳುಗಳ ನಾಳಗಳನ್ನೂ ಬಿಡುವುದು ಅಪರೂಪ. ಆದ್ದರಿಂದ ಕಾಲುನೋವು ಹೃದಯಾಘಾತದ ಮುನ್ನೆಚ್ಚರಿಕೆಯೂ ಆಗಬಲ್ಲುದು.

ಬೆನ್ನುಮೂಳೆಯೊಳಗಿನ ನರಗಳ ಮೇಲಿನ ಒತ್ತಡದಿಂದಲೂ ಇಂಥ ನೋವು ಬರುವುದುಂಟು. ಆದರೆ ಅದು ಕುಳಿತಾಗ ಅಥವಾ ಮುಂದಕ್ಕೆ ಬಾಗಿದಾಗ ಶಮನವಾಗುತ್ತದೆ. ರಕ್ತನಾಳದ ನೋವಿಗೆ ಬರಿದೆ ನಿಂತರೆ ಸಾಕು. ವೈದ್ಯರು ಪಾದದ ನಾಡಿಯನ್ನು ಮುಟ್ಟಿ ನೋಡಿ, ಡಾಪ್ಲರ್ ಉಪಕರಣದಿಂದ ತೋಳಿನ ಹಾಗೂ ಕಾಲಹರಡಿನ ರಕ್ತದೊತ್ತಡವನ್ನು ಅಳೆದು ಹೋಲಿಸುತ್ತಾರೆ. ತೋಳಿನಲ್ಲಿ 140, ಹರಡಿನಲ್ಲಿ 84 ಇದ್ದರೆ ಅನುಪಾತ 0.6. ಇದು 1.0ರಿಂದ 1.4ರವರೆಗೆ ಸಹಜ, 0.9 ಅಥವಾ ಅದಕ್ಕಿಂತ ಕಡಿಮೆಯಾದರೆ ರೋಗವಿದೆಯೆಂದರ್ಥ. ಮಧುಮೇಹಿಗಳಲ್ಲಿ ನಾಳವು ಗಡುಸಾಗಿ ಅಂಕಿ ತಪ್ಪಾಗಿ ಹೆಚ್ಚು ಬರಬಹುದು; ಆಗ ಕಾಲ್ಬೆರಳಿನ ಒತ್ತಡವನ್ನು ಅಳೆಯಬೇಕು.

ಚಿಕಿತ್ಸೆಯ ಮೊದಲ ಮೆಟ್ಟಿಲು ಬೀಡಿ, ಸಿಗರೇಟುಗಳನ್ನು ಪೂರ್ಣವಾಗಿ ತ್ಯಜಿಸುವುದು. ಎರಡನೆಯದು ನಡಿಗೆಯೇ! ವೈದ್ಯರ ಅನುಮತಿ ಪಡೆದು, ನೋವು ಸಾಕಷ್ಟು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯಬೇಕು. ಹೀಗೆ 30ರಿಂದ 45 ನಿಮಿಷ, ವಾರಕ್ಕೆ ಕನಿಷ್ಠ ಮೂರು ದಿನ, ಮೂರು ತಿಂಗಳು ಬಿಡದೆ ಸಾಧಿಸಿದರೆ ನೋವಿಲ್ಲದೆ ಕ್ರಮಿಸುವ ದೂರ ಹೆಚ್ಚುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮತ್ತು ಕೊಲೆಸ್ಟರಾಲ್ ಇಳಿಸುವ ಔಷಧಿಗಳನ್ನು ವೈದ್ಯರು ಸೂಚಿಸುತ್ತಾರೆ.

ಇಷ್ಟಕ್ಕೂ ಮಣಿಯದ ರೋಗಕ್ಕೆ ಇತರ ಉಪಾಯಗಳಿವೆ. 1964ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ, ಪಾದ ಕೊಳೆಯತೊಡಗಿದ್ದರೂ 82 ವರ್ಷದ ವೃದ್ಧೆಯೊಬ್ಬರು ಕಾಲು ಕತ್ತರಿಸಲು ಒಪ್ಪಲಿಲ್ಲ. ಡಾ. ಚಾರ್ಲ್ಸ್ ಡಾಟರ್ ತೊಡೆಯ ಅಪಧಮನಿಯೊಳಗೆ ಸಪೂರ ನಳಿಕೆಗಳನ್ನು ತೂರಿಸಿ ದಾರಿ ಬಿಡಿಸಿದರು. ಆಕೆಯ ಕಾಲು ಉಳಿಯಿತು. ಇಂದಿನ ಬಲೂನ್, ಸ್ಟೆಂಟ್ ಚಿಕಿತ್ಸೆಗಳಿಗೆ ಅದೇ ನಾಂದಿ. ಬೈಪಾಸ್ ಶಸ್ತ್ರಚಿಕಿತ್ಸೆಯೂ ಉಂಟು.

ಮಧುಮೇಹಿಗಳಿಗೆ ನರಗಳ ಜಡತೆಯಿಂದ ನೋವೇ ತಿಳಿಯದಿರಬಹುದು. ಅಂಥವರು ಪ್ರತಿರಾತ್ರಿ ಪಾದಗಳನ್ನು ಪರೀಕ್ಷಿಸಿಕೊಳ್ಳಬೇಕು; ಬರಿಗಾಲಲ್ಲಿ ನಡೆಯಬಾರದು. ಮಲಗಿದಾಗಲೂ ಪಾದ ನೋಯುವುದು, ಹುಣ್ಣು ಮಾಯದಿರುವುದು, ಬೆರಳು ಕಪ್ಪಾಗುವುದು ಅಪಾಯದ ಚಿಹ್ನೆಗಳು. ಕಾಲು ಹಠಾತ್ತನೆ ತಣ್ಣಗಾಗಿ, ಬಿಳಿಚಿ, ಮರಗಟ್ಟಿದರೆ ತಕ್ಷಣ ಆಸ್ಪತ್ರೆ ಸೇರಬೇಕು. ಆಗ ಕಾಲಿನ ಉಳಿವು ಗಂಟೆಗಳ ಲೆಕ್ಕ.

ಊರು ಬಿಟ್ಟು ಬಂದವರಿಗೆ ದುಡಿಮೆಯ ದಾರಿ ತೋರಿಸಿದ್ದು ಈ ಕಾಲುಗಳೇ. ಅವು ನಿಲ್ಲೆಂದಾಗ ಕ್ಷಣ ನಿಂತು, ಕಾರಣವನ್ನು ವಿಚಾರಿಸುವುದೇ ವಿವೇಕ.