ಜತ್ತ ಬಯಲಿನ ಬೇಟೆಹಕ್ಕಿಗಳು ಕಲಿಸಿದ ಆರು ಪಾಠ

ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಮಾಡಗ್ಯಾಳ, ಸಂಖ, ಉಮದಿ ಕಡೆಯ ಬಯಲಿನಲ್ಲಿ ಹದಿನೈದು ವರ್ಷಗಳಿಂದ ಬೇಟೆಹಕ್ಕಿ ನೋಡುತ್ತಿದ್ದೇನೆ.

1. ಮೊದಲು ಕುರಿಗಾರರನ್ನು ಕೇಳಿ. ಮಾಡಗ್ಯಾಳ ಕುರಿತಳಿಗೆ ಹೆಸರಾದ ನೆಲವಿದು. ನಾನು ಆಕಾಶ ನೋಡುತ್ತ ನಿಂತಿದ್ದಾಗ ಹಿರಿಯ ಕುರಿಗಾರರೊಬ್ಬರು, “ಸರ, ಮ್ಯಾಲ ಯಾಕ ನೋಡ್ತೀರಿ? ಹುಲ್ಲಿನ ಮ್ಯಾಲ ನೋಡ್ರಿ” ಎಂದರು. ನನ್ನ ಮೊದಲ ಸೆಳೆವ (ಹ್ಯಾರಿಯರ್) ಹಕ್ಕಿ ಕಂಡದ್ದು ಅಂದೇ.

2. ಬಣ್ಣಕ್ಕಿಂತ ಮೊದಲು ಹಾರಾಟ ನೋಡಿ. ಬಾಲ ಕವಲಾಗಿದ್ದರೆ ಊರ ಹದ್ದು. ರೆಕ್ಕೆಯನ್ನು ತುಸು ಮೇಲಕ್ಕೆತ್ತಿ ಹುಲ್ಲಿಗೆ ತಾಗುವಂತೆ ತೇಲಿದರೆ ಸೆಳೆವ. ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುವ ಬಿಳಿಯ, ಕಪ್ಪು ಹೆಗಲಿನ ಚಿಕ್ಕ ಹಕ್ಕಿ ರಾಮದಾಸ ಹದ್ದು. ಹಾಗೆಯೇ ನಿಲ್ಲುವ, ಬಿಳಿ ಹೊಟ್ಟೆ, ದಪ್ಪ ತಲೆ, ಹಳದಿ ಕಣ್ಣಿನ ದೊಡ್ಡದು ಹಾವು ತಿನ್ನುವ ಹದ್ದು.

3. ಗಾಯರಾಣವನ್ನು, ಅಂದರೆ ಊರ ಮೇವಿನ ಹುಲ್ಲುಗಾವಲನ್ನು, ಬರಡು ಎನ್ನಬೇಡಿ. ಚಳಿಗಾಲಕ್ಕೆ ಕಜಾಕಸ್ತಾನದ ಕಡೆಯಿಂದ ಬರುವ ಸೆಳೆವಗಳು ಮಿಡತೆ ತಿಂದು, ರಾತ್ರಿ ಇಂಥ ಹುಲ್ಲಿನಲ್ಲೇ ನೆಲದ ಮೇಲೆ ಗುಂಪಾಗಿ ಮಲಗುತ್ತವೆ. ಹುಲ್ಲಿಗೆ ಬೆಂಕಿ ಬಿದ್ದರೆ ಅವುಗಳ ಮನೆ ಹೋಯಿತು.

4. ಗೂಡಿನಿಂದ ದೂರವಿರಿ. ಹಾವು ತಿನ್ನುವ ಹದ್ದು ಒಂದು ಸಲಕ್ಕೆ ಇಡುವುದು ಒಂದೇ ಮೊಟ್ಟೆ. ಫೋಟೊ ಆಸೆಗೆ ಒಮ್ಮೆ ಗೂಡಿದ್ದ ಜಾಲಿಯ ಬುಡದಲ್ಲಿ ನಿಂತೆ. ನಾನು ಸರಿಯುವವರೆಗೂ ತಾಯಿ ಗೂಡಿಗೆ ಇಳಿಯಲಿಲ್ಲ. ಗೂಡಿನ ಮೇಲಿನ ಆ ಬಿಸಿಲು ನೆನೆದರೆ ಈಗಲೂ ಸಂಕಟವಾಗುತ್ತದೆ.

5. ಅಳಿವಿನ ಕಾರಣ ತೆಗೆದರೆ ಹಕ್ಕಿ ಮರಳುತ್ತದೆ. ಡಿಡಿಟಿ ವಿಷದಿಂದ ಅಮೆರಿಕದ ಬಾಲ್ಡ್ ಈಗಲ್‌ನ ಮೊಟ್ಟೆಯ ಚಿಪ್ಪು ತೆಳುವಾಗಿ, ಕಾವಿಗೆ ಕೂತರೇ ಒಡೆಯುತ್ತಿತ್ತು. 1963ರಲ್ಲಿ ಅಲಾಸ್ಕಾ ಬಿಟ್ಟು ಉಳಿದ ನಾಡಿನಲ್ಲಿ ಕಂಡ ಜೋಡಿಗಳು 417 ಮಾತ್ರ. 1972ರಲ್ಲಿ ಡಿಡಿಟಿ ನಿಷೇಧವಾಯಿತು, ಗೂಡುಗಳಿಗೆ ಕಾನೂನಿನ ಕಾವಲು ಸಿಕ್ಕಿತು. 2007ರಲ್ಲಿ ಆ ಹಕ್ಕಿ ಅಪಾಯದ ಪಟ್ಟಿಯಿಂದಲೇ ಹೊರಬಂತು.

6. ಮಂದೆಯ ಔಷಧ ವಿಚಾರಿಸಿ. ಸತ್ತ ಎತ್ತಿನ ಮೇಲೆ ರಣಹದ್ದು ಇಳಿಯುತ್ತಿದ್ದುದನ್ನು ಹಿರಿಯರು ಹೇಳುತ್ತಾರೆ. ನಾನು ಇಲ್ಲಿ ಒಂದನ್ನೂ ಕಂಡಿಲ್ಲ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ನೋವುಮದ್ದು ಹೆಣದ ಮಾಂಸದಲ್ಲಿ ಉಳಿದು ರಣಹದ್ದುಗಳ ಮೂತ್ರಪಿಂಡ ಕೆಡಿಸಿತು. 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಿದರು. ರಣಹದ್ದಿಗೆ ಅಪಾಯಕಾರಿಯಾದ ಇತರ ನೋವುಮದ್ದುಗಳಾದ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್‌ಗಳಿಗೆ ನಿಷೇಧ ಬಂದದ್ದು 2023ರಲ್ಲಿ. ರಣಹದ್ದಿಗೆ ಅಪಾಯವಿಲ್ಲದ ಮದ್ದು ಇದೆ. ದನಕ್ಕೆ ಸೂಜಿ ಹಾಕಿಸುವಾಗ ಡಾಕ್ಟರರಿಗೆ ಇಷ್ಟು ಹೇಳಿ: “ಮೆಲೊಕ್ಸಿಕ್ಯಾಮ್ ಕೊಡ್ರಿ.”